ಬಹಮನಿ ಬೆಳ್ಳಿ ಟಂಕ: ಅಂಚಿನ ಬರಹ ಕಾಣಿಸುತ್ತಿಲ್ಲ, ಊರು ವರ್ಷ ಪತ್ತೆ ಮಾಡೋದು ಹೇಗೆ?

ಪ್ರಶ್ನೆ: ನಮಸ್ಕಾರ. ಒಂದು ಬೆಳ್ಳಿ ಟಂಕ (ಸುಲ್ತಾನರ ಕಾಲದ ನಾಣ್ಯ) ಸಿಕ್ಕಿದೆ. ತೂಕ 10.9 ಗ್ರಾಂ. ಒಂದು ಬದಿಯ ಚೌಕದೊಳಗೆ ‘ಫಿರೋಜ್ ಷಾ’ ಅಂತ ಅರಬ್ಬೀ ಅಕ್ಷರದಲ್ಲಿದೆ. ಚೌಕದ ಹೊರಗೆ ಬರೀ ಅರ್ಧಂಬರ್ಧ ಗೆರೆಗಳು. ಅಂಚಿನಲ್ಲಿ ಉಳಿ ಹೊಡೆದ ಗುರುತು ಬೇರೆ. ನಕಲಿಯಾ? ಅಥವಾ ದೆಹಲಿಯ ಫಿರೋಜ್ ಷಾ ತುಘಲಕನದಾ?

ಉತ್ತರ: ಗಾಬರಿ ಬೇಡ ಸರ್. ಸುತ್ತಿಗೆಯಲ್ಲಿ ಹೊಡೆದ ನಾಣ್ಯದಲ್ಲಿ ಇದು ಮಾಮೂಲು. ಅಚ್ಚು ದೊಡ್ಡದು, ಬೆಳ್ಳಿ ಬಿಲ್ಲೆ ಚಿಕ್ಕದು. ಹಾಗಾಗಿ ಅಂಚಿನ ಬರಹ ಬಿಲ್ಲೆಯ ಮೇಲೆ ಬೀಳುವುದೇ ಇಲ್ಲ. ಉಳಿ ಗುರುತು ಚಿನಿವಾರರದು, ಅಂದರೆ ನಾಣ್ಯ ಪರೀಕ್ಷಿಸುತ್ತಿದ್ದವರದು. ಒಳಗೆ ತಾಮ್ರ ಇದೆಯಾ ಅಂತ ನೋಡಲು ಹೀಗೆ ಕಚ್ಚು ಹಾಕುತ್ತಿದ್ದರು. ನಿಜವಾಗಿ ಭಯಪಡಬೇಕಾದದ್ದು ಎರಕದ ನಕಲಿಗೆ. ಅದರ ಮೈಮೇಲೆ ಸಣ್ಣ ಗುಳ್ಳೆಗಳು, ಅಂಚಿನ ಸುತ್ತ ಬೆಸುಗೆಯಂಥ ಗೆರೆ ಕಾಣುತ್ತವೆ. ಲೆನ್ಸ್ ಹಿಡಿದು ನೋಡಿ. ತೂಕ ಸರಿಯಾಗೇ ಇದೆ, ಟಂಕ ಸುಮಾರು 11 ಗ್ರಾಂ.

ಯಾವ ಫಿರೋಜ್ ಅನ್ನೋದಕ್ಕೆ ಬಿರುದು ನೋಡಿ. ಹೆಸರಿನ ಜೊತೆ ‘ತಾಜುದ್ದುನ್ಯಾ ವದ್ದೀನ್’ ಇದ್ದರೆ ನಮ್ಮ ಕಲಬುರಗಿಯ ಬಹಮನಿ ಸುಲ್ತಾನನೇ, 1397ರಿಂದ 1422ರವರೆಗೆ ಆಳಿದವನು. ರಾಜಧಾನಿ ಬೀದರಿಗೆ ಹೋದದ್ದು ಅವನ ನಂತರ, ಅಹ್ಮದ್ ಷಾ ಕಾಲದಲ್ಲಿ. ಹಾಗಾಗಿ ಅಂಚಿನಲ್ಲಿ ನಾಣ್ಯ ಹೊಡೆದ ಊರಾಗಿ ಇರಬೇಕಾದದ್ದು ಅಹ್ಸನಾಬಾದ್, ಅಂದರೆ ಕಲಬುರಗಿ. ಬೀದರ್ ಆಗಿದ್ದರೆ ಮುಹಮ್ಮದಾಬಾದ್ ಅಂತ ಇರುತ್ತಿತ್ತು.

ದಯವಿಟ್ಟು ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಆರುನೂರು ವರ್ಷದ ಮೈಬಣ್ಣ ಒಂದು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಡಿಸ್ಟಿಲ್ಡ್ ನೀರಲ್ಲಿ ನೆನೆಸಿಡಿ, ಸಾಕು.

ಪ್ರಶ್ನೆ: ‘ತಾಜುದ್ದುನ್ಯಾ’ ಇದೆ! ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಅಂಚಿನಲ್ಲಿ ಮೂರು ಅಂಕಿಯೂ ಕಂಡವು. ಎಡಕ್ಕೆ ಬೋರಲು ಹಾಕಿದ ಇಂಗ್ಲಿಷ್ ‘ವಿ’, ನಡುವೆ ಚುಕ್ಕೆ, ಬಲಕ್ಕೆ ನೆಟ್ಟಗಿರುವ ‘ವಿ’. ನಾಣ್ಯ ಉಲ್ಟಾ ಹಿಡಿದಿದ್ದೇನಾ ಅಂತ ಅನುಮಾನ.

ಉತ್ತರ: ಬಹಳ ಸಂತೋಷ! ಬೋರಲು ‘ವಿ’ ಅಂದರೆ 8, ಚುಕ್ಕೆ ಸೊನ್ನೆ, ನೆಟ್ಟಗಿನದು 7. ಅರಬ್ಬೀ ಬರಹ ಬಲದಿಂದ ಓದಿದರೂ ಅಂಕಿಗಳನ್ನು ಎಡದಿಂದಲೇ ಓದಬೇಕು. ಹಿಜರಿ (ಇಸ್ಲಾಮಿ ಪಂಚಾಂಗದ ವರ್ಷ) 807. ಫಿರೋಜನ ಆಳ್ವಿಕೆ ಹಿಜರಿ 800ರಿಂದ 825, ಸರಿಹೊಂದುತ್ತದೆ. ನಮ್ಮ ಲೆಕ್ಕದಲ್ಲಿ 1404-05. ವಿಜಯನಗರದ ಮೊದಲನೇ ದೇವರಾಯನ ಮೇಲೆ 1406ರಲ್ಲಿ ದಂಡೆತ್ತಿ ಹೋಗುವುದಕ್ಕೆ ಸ್ವಲ್ಪ ಮುಂಚೆ ಹೊಡೆದ ನಾಣ್ಯ ಇದು. ಉಲ್ಟಾ ಅನುಮಾನ ಬಿಡಿ. ಈ ಮೂರು ಅಂಕಿಯನ್ನು ತಿರುಗಿಸಿ ಹಿಡಿದರೂ 807 ಅಂತಲೇ ಬರುತ್ತದೆ, ನೋಡಿ.