ಅಪ್‌ಡೇಟ್: ಆಲ್ಪ್ ದ್ಯುಯೆಜ್ ಏರಿನಲ್ಲಿ ಶಕ್ತಿ ಖಾಲಿಯಾಗುವ ಸಮಸ್ಯೆ ಬಗೆಹರಿಯಿತು

ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ವಿಡಿಯೊ ಗೇಮ್‌ನಲ್ಲಿ ಆಲ್ಪ್ ದ್ಯುಯೆಜ್ ಎಂಬ ಬೆಟ್ಟದ ರಸ್ತೆ ಹತ್ತುವಾಗ ನನ್ನ ರೈಡರ್ ಅರ್ಧ ದಾರಿಯಲ್ಲೇ ಸುಸ್ತಾಗಿ ಹಿಂದೆ ಬೀಳುತ್ತಾನೆ ಎಂದು ಕೇಳಿದ್ದೆ. ಈಗ ಮುಂದಿನ ಗುಂಪಿನ ಜೊತೆಗೇ ಗುರಿ ಮುಟ್ಟುತ್ತಿದ್ದಾನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸ ಮಾಡಿದ್ದು "ಬೇರೆಯವರ ದಾಳಿಗೆಲ್ಲ ಉತ್ತರ ಕೊಡಬೇಡ, ಒಂದೇ ಹದದಲ್ಲಿ ತುಳಿ" ಎಂಬ ಸಲಹೆ (ದಾಳಿ ಅಂದರೆ ಗುಂಪು ಬಿಟ್ಟು ದಿಢೀರ್ ಮುಂದೆ ನುಗ್ಗುವುದು). ಈ ಏರು 13.8 ಕಿಲೋಮೀಟರ್ ಉದ್ದ, ಸರಾಸರಿ ಕಡಿದು ಸುಮಾರು 8 ಶೇಕಡಾ. ಆದರೆ ಬುಡದ ಮೊದಲ ಎರಡು ಕಿಲೋಮೀಟರ್ ಇನ್ನೂ ಕಡಿದು, ಹತ್ತರ ಆಸುಪಾಸು. ಎಲ್ಲರೂ ಜೋರು ಮಾಡುವುದು ಅಲ್ಲೇ. ಅಲ್ಲಿ ಕೆಂಪು ಪಟ್ಟಿಯನ್ನು (ದಾಳಿಗೆ ಬೇಕಾದ ಶಕ್ತಿ ತೋರಿಸುವುದು) ಮುಟ್ಟದೆ, ಸ್ವಲ್ಪ ಹಿಂದೆ ಬಿದ್ದರೂ ಪರವಾಗಿಲ್ಲ ಎಂದು ಬಿಟ್ಟೆ. ಮುಂದೆ ಓಡಿದವರಲ್ಲಿ ಹೆಚ್ಚಿನವರು ಮೇಲಿನ ತಿರುವುಗಳಲ್ಲಿ ತಾವಾಗಿಯೇ ಸಿಕ್ಕಿದರು!

ಜೆಲ್‌ಗಳನ್ನು (ರೈಡರ್‌ಗೆ ಶಕ್ತಿ ತುಂಬುವ ತಿನಿಸು) ಕೊನೆಯವರೆಗೆ ಉಳಿಸಿಕೊಳ್ಳುವ ಸಲಹೆ ನನಗೆ ಆಗಲಿಲ್ಲ. ನೀಲಿ ಪಟ್ಟಿ (ರೈಡರ್‌ನ ದಮ್ಮು ತೋರಿಸುವುದು) ತೀರಾ ಕೆಳಗಿಳಿದ ಮೇಲೆ ಜೆಲ್ ತೆಗೆದುಕೊಂಡರೆ ಅಷ್ಟು ಹೊತ್ತಿಗೆ ಗುಂಪು ಕೈತಪ್ಪಿರುತ್ತದೆ. ನೀಲಿ ಜೆಲ್ ಏರು ಶುರುವಾಗುವ ಮುಂಚೆ, ಕೆಂಪು ಜೆಲ್ ಕೊನೆಯ ದಾಳಿಗೆ ಸ್ವಲ್ಪ ಮೊದಲು. ನನಗೆ ಇದೇ ಸರಿಹೋಯಿತು.

ಅಚ್ಚರಿ ಅನ್ನಿಸಿದ್ದು ಬೇರೆ. ಶಕ್ತಿ ಜಾಸ್ತಿ ಸೋರುತ್ತಿದ್ದದ್ದು ಏರಿನಲ್ಲಲ್ಲ, ಅದಕ್ಕೂ ಮುಂಚಿನ ಕಣಿವೆಯ ಸಮತಟ್ಟು ರಸ್ತೆಯಲ್ಲಿ. ವೇಗ ಹೆಚ್ಚಿದ್ದಾಗ ಗಾಳಿಯ ತಡೆಯೂ ಹೆಚ್ಚು, ಅಲ್ವಾ? ಅಲ್ಲಿ ತಂಡದ ಜೊತೆಗಾರನ ಹಿಂದೆಯೇ ಇದ್ದರೆ ಏರಿನ ಬುಡಕ್ಕೆ ಬರುವಾಗ ನೀಲಿ ಪಟ್ಟಿ ಹೆಚ್ಚುಕಡಿಮೆ ತುಂಬಿರುತ್ತದೆ. ಕಡಿದಾದ ಏರಿನಲ್ಲಿ ವೇಗ ಕಮ್ಮಿ, ಹಾಗಾಗಿ ಹಿಂದೆ ಅಡಗಿ ಸಿಗುವ ಲಾಭವೂ ಕಮ್ಮಿ.