ಮಕ್ಕಳ "ಅದು ಬೇಕು ಇದು ಬೇಕು"ಗೆ ಎಂತ ಮಾಡುದು ಮಾರಾಯ್ರೆ, ಜೂನ್ ಬೇರೆ ಬಂತು

ಮಲ್ಪೆಯಕ್ಕ:
ನಮ್ಮನೆಯವ್ರು ಮೀನು ಹಿಡಿಯುವ ಟ್ರಾಲ್ ಬೋಟಿಗೆ ಹೋಗುದು. ಜೂನ್ 1ರಿಂದ ಜುಲೈ 31ರ ತನಕ ಬೋಟ್ ಬಂದ್, 61 ದಿನ ಪಾಲು ಅಂತ ಒಂದು ರೂಪಾಯಿ ಬರುದಿಲ್ಲ, ಸರೀ ಅದೇ ಹೊತ್ತಿಗೆ ಶಾಲೆ ಶುರು, ಪುಸ್ತಕ ಯುನಿಫಾರ್ಮ್ ಕೊಡೆ ರೈನ್‌ಕೋಟ್ ಎಲ್ಲ ಒಟ್ಟಿಗೆ ತಲೆ ಮೇಲೆ. ನಾನು ಗೇರುಬೀಜ ಫ್ಯಾಕ್ಟರಿಗೆ ಹೋಗ್ತೇನೆ, ಮತ್ತೆ ಗೃಹಲಕ್ಷ್ಮಿ 2000 ಬಂದ ತಿಂಗಳು ಬಂತು. (ಬಸ್ ಫ್ರೀ ಅಲ್ವಾ ಅಂತ ಕೇಳ್ಬೇಡಿ, ಈ ಕಡೆ ಓಡುದು ಹೆಚ್ಚು ಪ್ರೈವೇಟ್ ಬಸ್ಸೇ.)

ಮಗ 4ನೇ ಕ್ಲಾಸ್, ಮಗಳು ಯುಕೆಜಿ. ಕಳೆದ ವರ್ಷದ ಬ್ಯಾಗ್ ಗಟ್ಟಿ ಉಂಟು, ಜಿಪ್ ಒಂದು ಹೋಗಿದೆ ಅಷ್ಟೆ, ಆದ್ರೆ ಅವನಿಗೆ ಚಕ್ರದ ಬ್ಯಾಗೇ ಆಗ್ಬೇಕಂತೆ, ದುಬೈಯಿಂದ ಬಂದ ನನ್ನಣ್ಣನ ಮಗನ ಹತ್ರ ಉಂಟಲ್ಲ ಅದಕ್ಕೆ. ಸಣ್ಣವಳು ಮೊನ್ನೆ ಉಡುಪಿಯಲ್ಲಿ ಅಂಗಡಿಯ ಬಿಲ್ಲಿಂಗ್ ಹತ್ರ ಆಟಿಕೆ ಇರುವ ಮೊಟ್ಟೆ ಚಾಕಲೇಟಿಗೆ ನೆಲದಲ್ಲಿ ಹೊರಳಾಡಿ ಬೊಬ್ಬೆ ಹೊಡೆದ್ಲು, ಜನ ನೋಡ್ತಾರೆ ಅಂತ ಕೊಡಿಸಿದೆ, ಈಗ ಇವನು "ಅವಳಿಗೆ ಕೊಟ್ರಿ ನಂಗೆ ಯಾಕಿಲ್ಲ". ದುಡ್ಡಿಲ್ಲ ಮಗಾ ಅಂದ್ರೆ "ಫೋನಲ್ಲಿ ಸ್ಕ್ಯಾನ್ ಮಾಡಿ ಅಮ್ಮ" ಹೇಳ್ತಾನೆ! ನಾನು ಆಗುದಿಲ್ಲ ಅಂದದ್ದನ್ನು ಅತ್ತೆ ಹಿಂದಿನಿಂದ ಕೊಡಿಸ್ತಾರೆ. ಮಂಡೆ ಬಿಸಿ ಆಗಿ ಬರೀತಿದ್ದೇನೆ.

ಪಿಗ್ಮಿಮಾಮ:
ಅಕ್ಕ, ಸ್ಕ್ಯಾನಿನ ಮಾತೇ ಉತ್ರ ನೋಡಿ. ನೋಟು ಕೈಯಿಂದ ಹೋಗುದು ಅವನ ಕಣ್ಣಿಗೇ ಬಿದ್ದಿಲ್ಲ, ಫೋನು ಟಿಂಗ್ ಅಂದ್ರೆ ಸಾಮಾನು ಬರ್ತದೆ ಅಷ್ಟೇ ಅವನ ಲೆಕ್ಕ. ನಾನು ಸುಮಾರು ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದವ. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕಿನವ್ರು 1928ರಲ್ಲಿ ಶುರು ಮಾಡಿದ್ದು, ದಿನಕ್ಕೆ 2 ಆಣೆ ಆದ್ರೂ ಮನೆ ಬಾಗಿಲಿಗೆ ಬಂದು ತಕೊಳ್ತಿದ್ರು, ಆ ಬ್ಯಾಂಕು 2020ರಲ್ಲಿ ಕೆನರಾಕ್ಕೆ ಸೇರಿ ಹೋಯ್ತು ಬಿಡಿ. ನಾನು ನೋಡಿದ ಹಾಗೆ ಅದ್ರಲ್ಲಿ ದೊಡ್ಡದು ಬಡ್ಡಿ ಅಲ್ಲ, ದಿನಾ ಕೈಯಿಂದ ಕೊಟ್ಟು ಪುಸ್ತಕದಲ್ಲಿ ಬರೆಸುದು. ಮಗನಿಗೂ ಹಾಗೇ ಮಾಡಿ. ಆದಿತ್ಯವಾರ 20 ರೂಪಾಯಿ ಚಿಲ್ಲರೆಯಲ್ಲೇ ಕೊಡಿ, ಹಳೇ ನೋಟ್‌ಬುಕ್ಕಲ್ಲಿ ಅವನೇ ಬರೀಲಿ, ಖಾಲಿಯಾದ್ರೆ ಮುಂದಿನ ಆದಿತ್ಯವಾರದ ತನಕ ಇಲ್ಲ. ಬುಧವಾರ ಬಂದು ಕೂಗ್ತಾನೆ, ಆಗ ಮಾತ್ರ 5 ರೂಪಾಯಿ ಕೂಡ ಕೊಡ್ಬೇಡಿ. ಅವನಿಗೆ 10 ವರ್ಷ ತುಂಬಿದ್ಮೇಲೆ ಪೋಸ್ಟಾಫೀಸಲ್ಲಿ ಅವನ ಹೆಸರಲ್ಲೇ ಖಾತೆ ಮಾಡಿದ್ರೆ ಸೈನ್ ಕೂಡ ಅವನದ್ದೇ ನಡೀತದೆ, ಮಕ್ಕಳಿಗೆ ಅದೊಂದು ಗತ್ತು.

ಕಾರ್ಕಳ ಟೀಚರ್:
"ದುಡ್ಡಿಲ್ಲ" ಹೇಳುದು ಬಿಡಿ. ಬೆಳಿಗ್ಗೆ ದುಡ್ಡಿಲ್ಲ ಅಂದು ಸಂಜೆ ರೀಚಾರ್ಜ್ ಮಾಡಿದ್ರೆ ಅವನು ನೋಡ್ತಾನೆ, ಅಮ್ಮ ಸುಳ್ಳು ಹೇಳ್ತಾಳೆ ಅಂತ ಆಗ್ತದೆ. "ಇದಕ್ಕೆ ಅಂತ ಇಟ್ಟಿಲ್ಲ" ಅನ್ನಿ, ಅದು ಸತ್ಯ ಕೂಡ. ಸಣ್ಣವಳ ವಿಷಯಕ್ಕೆ, ಹಸಿದಾಗ ಅಂಗಡಿಗೆ ಕರ್ಕೊಂಡು ಹೋಗ್ಲೇಬೇಡಿ, ಎರಡು ಬಾಳೆಹಣ್ಣು ಕೊಟ್ಟು ಹೊರಡಿ, ಇವತ್ತು ಅಕ್ಕಿ ಸಾಬೂನು ಮಾತ್ರ ಅಂತ ಮೆಟ್ಟಿಲ ಹತ್ರವೇ ಹೇಳಿ. ಹೊರಳಾಡಿದ್ರೆ ಎತ್ಕೊಂಡು ಹೊರಗೆ. 10 ನಿಮಿಷ ಕೂಗಿದ ಮೇಲೆ ಕೊಡಿಸಿದ್ರೆ, 10 ನಿಮಿಷ ಕೂಗ್ಬೇಕು ಅಂತ ನಾವೇ ಕಲಿಸಿದ ಹಾಗೆ.

ಕುಂದಾಪ್ರದಣ್ಣ:
ಎಲ್ಲ ಸರಿ, ಅಜ್ಜಿ ಒಬ್ರ್ ಮನೆಯಂಗ್ ಇದ್ರೆ ನಿಮ್ ಕಾನೂನ್ ಎಲ್ಲ ನೀರಿಗ್ ಹೋಯ್ತ್ ಕಾಣಿ 😄

ಗಂಗೊಳ್ಳಿಯವಳು:
ಈಗ ಇರುದು ಮಂಗ್ಳೂರಲ್ಲಿ, ಹುಟ್ಟಿದ್ದು ಬೋಟಿನವ್ರ ಮನೆಯಲ್ಲೇ. ಒಂದು ವಿಷಯ ಹೇಳ್ಬೇಕು ಅನ್ಸಿತು. ನಮ್ಮಮ್ಮ ಎಲ್ಲ ಬಿಡಿಸಿ ಹೇಳ್ತಿದ್ರು, ಸಂಘದ ಸಾಲ ಎಷ್ಟು, ಬಂಗಾರ ಎಲ್ಲಿ ಅಡವು ಇಟ್ಟದ್ದು, ಎಲ್ಲ. ನಾನು 3ನೇ ಕ್ಲಾಸಲ್ಲಿ ಚಪ್ಪಲಿ ಬಾರು ತುಂಡಾದದ್ದನ್ನು ಹೇಳದೆ ಪಿನ್ನು ಹಾಕ್ಕೊಂಡು ಒಂದು ಮಳೆಗಾಲ ನಡೆದಿದ್ದೇನೆ, ಈಗ್ಲೂ ನಂಗೋಸ್ಕರ ಏನಾದ್ರೂ ತಕೊಳ್ಳುವಾಗ ಕೈ ನಡುಗ್ತದೆ. ಎಲ್ರೂ ನನ್ನನ್ನು ಒಳ್ಳೆ ಹುಡುಗಿ ಹೇಳ್ತಿದ್ರು. ಹಠ ಮಾಡುವ ಮಗು ಅಷ್ಟು ಹೆದರಿಲ್ಲ ಅಂತ ಅರ್ಥ ಅಕ್ಕ. "ಈಗ ಬೋಟ್ ರಜೆ, ಆಗಸ್ಟ್ ಆದ್ಮೇಲೆ ನೋಡುವ" ಅಷ್ಟು ಸಾಕು, ಸಾಲದ ಲೆಕ್ಕ ಅವನಿಗೆ ಬೇಡ. ಮತ್ತೆ ಆಗಸ್ಟ್ ಅಂದ್ಮೇಲೆ ಮರೀಬೇಡಿ, ಅವನು ಮರೆಯುದಿಲ್ಲ.

ಪಿಗ್ಮಿಮಾಮ:
ಇದು ಸರಿ. ನಾನು ಹೇಳಿದ್ದು ಅವನ 20ರ ಲೆಕ್ಕ ಮಾತ್ರ, ಮನೆಯದ್ದಲ್ಲ.

ಮಲ್ಪೆಯಕ್ಕ:
ಎರಡು ವಾರ ಆಯ್ತು, ಹೇಳ್ತೇನೆ ಅಂತ ಬಂದೆ. ಗಂಗೊಳ್ಳಿಯವರದ್ದು ಓದಿ ಮೊದಲು ಇಬ್ರ ಚಪ್ಪಲಿ ತಿರುಗಿಸಿ ನೋಡಿದೆ. ಬ್ಯಾಗಿಗೆ ಹೊಸ ಜಿಪ್ ಹಾಕಿಸಿದ್ದಾಯ್ತು, ಮುಖ ಊದಿಸ್ಕೊಂಡೇ ಹಾಕ್ಕೊಂಡು ಹೋಗ್ತಾನೆ. ಮೊದಲ ಆದಿತ್ಯವಾರದ 20 ರೂಪಾಯಿ ಅದೇ ದಿನ ಐಸ್‌ಕ್ಯಾಂಡಿ, ಸ್ಟಿಕ್ಕರಿಗೆ ಢಮಾರ್. ಎರಡನೇದ್ರಲ್ಲಿ 8 ರೂಪಾಯಿ ಉಳಿದಿದೆ, ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಹಬ್ಬಕ್ಕೆ ಉಡುಪಿ ರಥಬೀದಿಯಲ್ಲಿ ಪೀಪಿಯೋ ಎಂಥದೋ ತಕೊಳ್ಲಿಕ್ಕಂತೆ. ಸಣ್ಣವಳು ಒಂದ್ಸಲ ಅಂಗಡಿ ಹೊರಗೆ ಕೂಗಿ ಕೂಗಿ ಹೆಗಲಲ್ಲೇ ಮಲಗಿದ್ಲು, ನಂಗೂ ಕಣ್ಣಲ್ಲಿ ನೀರು ಬಂತು.

ಅತ್ತೆಗೆ ಎಂತ ಹೇಳಿದ್ರೂ ಆಗ್ಲಿಲ್ಲ. ನಿನ್ನೆ ಮಗನ ನೋಟ್‌ಬುಕ್ ತೆಗೆದು ನೋಡ್ತೇನೆ, "ಅಜ್ಜಿಯಿಂದ ಸಾಲ 10" ಅಂತ ಬರ್ದಿದ್ದಾನೆ.