ವಿಲ್ ನಾವೇ ಬರೆದರೆ ಉಳಿಯೋದೆಷ್ಟು, ವಕೀಲರಿಗೆ ಹೋಗೋದೆಷ್ಟು?

ತಿಪಟೂರು (ಕೇಳಿದವರು): ಅಪ್ಪನಿಗೆ 74. ಎರಡು ಎಕರೆ ಹತ್ತು ಗುಂಟೆ ತೆಂಗಿನ ತೋಟ, ಪಂಚಾಯ್ತಿ ಖಾತೆಯ ಮನೆ, ಮೂರು ಜನ ಮಕ್ಕಳು. ವಿಲ್ ಬರೆಯೋಕೆ ವಕೀಲರು 15 ಸಾವಿರ ಕೇಳ್ತಾರೆ, ಬಾಂಡ್ ರೈಟರ್ (ಪತ್ರ ಬರೆದುಕೊಡೋರು) 3 ಸಾವಿರ. ನಾವೇ ಬರೆದರೆ ನಡೆಯುತ್ತಾ? ಅನುಭವ ಇದ್ದೋರು ಹೇಳಿ.

ಗುಬ್ಬಿ: ಧಾರಾಳವಾಗಿ ನಡೆಯುತ್ತೆ ಸ್ವಾಮಿ. ವಿಲ್‌ಗೆ ಛಾಪಾ ಶುಲ್ಕವೇ ಇಲ್ಲ. ಜನ ಸುಮ್ಮನೆ ನೂರು ರೂಪಾಯಿ ಬಾಂಡ್ ಪೇಪರ್‌ಗೆ ಅಲೀತಾರೆ, ಬಿಳಿ ಹಾಳೆ ಸಾಕು. ನೋಟರಿ ಬೇಡ, ನೋಂದಣಿಯೂ ಕಡ್ಡಾಯವಲ್ಲ. ವಿಲ್ ಮಾಡೋರು ಸಹಿ ಹಾಕೋದನ್ನ ಇಬ್ಬರು ಸಾಕ್ಷಿಗಳು ಕಣ್ಣಾರೆ ನೋಡಿ, ಅವರೆದುರೇ ತಾವೂ ಸಹಿ ಹಾಕಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳೋದು ಇಷ್ಟೇ. ಪುಟಪುಟಕ್ಕೂ ಸಹಿ, ನಂಬರು, ಕೊನೆಗೆ ತಾರೀಖು ಹಾಕಿಸಿ. 15 ಸಾವಿರ ಯಾಕೆ? ಅವರ ಕಂಪ್ಯೂಟರಲ್ಲಿರೋ ಹಳೇ ನಮೂನೇಲಿ ಹೆಸರು ಬದಲಾಯಿಸೋಕೆ!

ಮಧುಗಿರಿ: "ಇಷ್ಟೇ" ಅನ್ನೋರಿಂದಲೇ ಸಿವಿಲ್ ಕೋರ್ಟ್ ತುಂಬಿರೋದು. ಸ್ವಂತ ಬರವಣಿಗೇಲಿ ಕೆಡೋದು ಷೆಡ್ಯೂಲು, ಅಂದರೆ ಆಸ್ತಿ ವಿವರದ ಪಟ್ಟಿ. "ಕೆರೆ ಹಿಂದಿನ ತೋಟ" ಅಂದರೆ ಯಾವುದು? ಸರ್ವೆ ನಂಬರು, ಹಿಸ್ಸಾ (ಅದರ ಉಪಭಾಗ), ವಿಸ್ತೀರ್ಣ ಇವತ್ತಿನ ಪಹಣಿಗೆ ತಾಳೆಯಾಗಬೇಕು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಕ್ರಯಪತ್ರಕ್ಕೆ. ಪಹಣೀಲಿ 2 ಎಕರೆ 8 ಗುಂಟೆ, ಖರಾಬು (ಸಾಗುವಳಿಗೆ ಬಾರದ ಜಾಗ) 2 ಗುಂಟೆ ಅಂತಿದ್ದು, ವಿಲ್‌ನಲ್ಲಿ ಒಟ್ಟಿಗೆ 2-10 ಅಂತ ಬರೆದರೆ ಖಾತೆ ಬದಲಾವಣೆಗೆ ಹೋದ ದಿನ ತಕರಾರು. ಆಮೇಲೆ 10ರ ಮೇಲೆ ವೈಟ್ನರ್ ಬಳಿದು 8 ಮಾಡೋದು ಬೇರೆ. ತಿದ್ದಿದ ಕಡೆ ವಿಲ್ ಮಾಡಿದವರ ಮತ್ತು ಸಾಕ್ಷಿಗಳ ಸಹಿ ಇಲ್ಲದಿದ್ದರೆ ಆ ತಿದ್ದುಪಡಿ ಲೆಕ್ಕಕ್ಕಿಲ್ಲ. ಹಾಳೆ ಹರಿದು ಹಾಕಿ ಹೊಸದಾಗಿ ಬರೀರಿ.

ಕುಣಿಗಲ್: ತೋಟ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತ ಒಬ್ಬರೂ ಕೇಳಲಿಲ್ಲವಲ್ಲ! ಪಿತ್ರಾರ್ಜಿತವಾದರೆ ಅಪ್ಪ ಬರೆಯೋಕಾಗೋದು ತನ್ನ ಪಾಲನ್ನ ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. ಕೂಡು ಸ್ವಾಧೀನ (ಆಸ್ತಿ ಎಲ್ಲರ ಅನುಭವದಲ್ಲಿದೆ) ಅಂತ ಹೇಳಿ ಪಾಲಿನ ದಾವೆ ಹಾಕೋಕೆ ನಮ್ಮ ರಾಜ್ಯದಲ್ಲಿ ಕೋರ್ಟ್ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ದಾವೆ ಹಾಕೋರಿಗೆ 200, ವಿಲ್ ಹಿಡ್ಕೊಂಡೋರಿಗೆ ವರ್ಷಗಟ್ಟಲೆ ವಾಯಿದೆ.

ಗುಬ್ಬಿ: ಅದಕ್ಕೇ ಹೆಣ್ಮಕ್ಕಳ ಹತ್ರ ಮೊದಲೇ ಹಕ್ಕು ಬಿಡುಗಡೆ (ಪಾಲು ಬಿಟ್ಟುಕೊಟ್ಟೆ ಅನ್ನೋ ಪತ್ರ) ಬರೆಸಿಕೊಳ್ಳೋದು.

ಕುಣಿಗಲ್: ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೈಗಿಟ್ಟು ಹೆಬ್ಬೆಟ್ಟು ಒತ್ತಿಸೋದಾ? ಹಕ್ಕು ಬಿಡುಗಡೆಗೆ ನೋಂದಣಿ ಕಡ್ಡಾಯ. ನಿಮ್ಮ ಬಿಳಿ ಹಾಳೆ ಅಲ್ಲಿ ನಡೆಯಲ್ಲ ಸ್ವಾಮಿ.

ಶಿರಾ: ಆ ಜಗಳ ಬೇರೆ ಕಡೆ ಇಟ್ಕೊಳ್ಳಿ. ಸಾಕ್ಷಿ ಆರಿಸೋದರಲ್ಲಿದೆ ಎಲ್ಲ. ವಿಲ್ ನೋಂದಣಿಯಾಗಿದ್ದರೂ, ತಕರಾರು ಬಂದರೆ ಇಬ್ಬರಲ್ಲಿ ಒಬ್ಬ ಸಾಕ್ಷಿಯಾದರೂ ಕಟಕಟೆ ಹತ್ತಿ ಹೇಳಬೇಕು. 74ರ ಅಪ್ಪನಿಗೆ 76ರ ಗೆಳೆಯ ಸಾಕ್ಷಿಯಾದರೆ ಏನು ಪ್ರಯೋಜನ? ಬಾಂಡ್ ರೈಟರ್ 3 ಸಾವಿರದಲ್ಲಿ ಬಿಕ್ಕಲಂ (ಪತ್ರ ಬರೆದವನ ಸಹಿ) ಜೊತೆ ನೋಂದಣಿ ಕಚೇರಿ ಬಾಗಿಲಲ್ಲಿ ನಿಂತಿರೋ ಇಬ್ಬರನ್ನೂ ಸಾಕ್ಷಿಗೆ ಕೊಡ್ತಾನೆ, ಹತ್ತು ವರ್ಷ ಬಿಟ್ಟು ಅವರನ್ನ ಎಲ್ಲಿ ಹುಡುಕ್ತೀರಿ? ಇನ್ನೊಂದು, ಆಸ್ತಿ ಸಿಗೋ ಮಗನೇ ಮುಂದೆ ನಿಂತು ಬರೆಸಿದರೆ ಅದೇ ಅನುಮಾನಕ್ಕೆ ದಾರಿ. ಅನುಮಾನ ನಿವಾರಿಸೋ ಹೊಣೆ ವಿಲ್ ತಂದವರದೇ ಅಂತ ಸುಪ್ರೀಂ ಕೋರ್ಟ್ 1958ರಲ್ಲೇ ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಕೇಸಲ್ಲಿ ಹೇಳಿದೆ, ಅದೂ ನಮ್ಮ ಮೈಸೂರು ಸೀಮೆಯ ಕೇಸು.

ಮಧುಗಿರಿ: ಅದಕ್ಕೇ ಹೇಳಿದ್ದು, 15 ಸಾವಿರ ಕೊಟ್ಟರೆ ವಕೀಲರೇ ಒಬ್ಬ ಸಾಕ್ಷಿ ಆಗ್ತಾರೆ.

ಗುಬ್ಬಿ: ಆ ವಕೀಲರ ವಯಸ್ಸೆಷ್ಟು, ಮೊದಲು ಅದನ್ನ ಕೇಳಿ.